ರಸವನ್ನು ಕಸ ಮಾಡುವ ವಿದ್ಯೆ



ಈ ಸಲ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ. ತರಗತಿಯಲ್ಲಿ ನನ್ನ ಸಿಟ್ಟನ್ನು ಕಂಡವರಿಗೆ ಇದು ಹೊಸದೇನಲ್ಲ. ಉಳಿದವರು ದಯವಿಟ್ಟು ಸಹಿಸಿಕೊಳ್ಳಬೇಕು.

ಕಳೆದ ತಿಂಗಳು ಅಕ್ಕನ ಮಗಳ ಮನೆಗೆ ಹೋಗಿದ್ದೆ. ಆಕೆಯ ಮಗ ಆರನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ಶಾಲೆಯಲ್ಲಿ ‘ಕಸದಿಂದ ರಸ’ ಎಂಬ ಸ್ಪರ್ಧೆ. ಮನೆಯಲ್ಲಿ ಬಿಸಾಡಲಿರುವ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು, ಅದರೊಳಗೆ ತನ್ನ ಕುಟುಂಬದ ಪುಟ್ಟ ಆಲ್ಬಮ್ಮೊಂದನ್ನು ಕೈಯಾರೆ ಮಾಡಿ ತರಬೇಕು. ಎಂಥ ಸೊಗಸಾದ ಕೆಲಸ! ಆ ಅಧ್ಯಾಪಕರಿಗೆ ಮನಸ್ಸಿನಲ್ಲೇ ಶಹಭಾಸ್ ಎಂದೆ. ಆದರೆ ಮುಂದೆ ನಡೆದದ್ದನ್ನು ಕೇಳಿರಿ. ಸಂಜೆ ಬಾಗಿಲಿಗೆ ಒಂದು ಪಾರ್ಸೆಲ್ ಬಂತು. ದಪ್ಪ ರಟ್ಟಿನ ಪೆಟ್ಟಿಗೆ. ಅದರೊಳಗೆ ಆಲ್ಬಮ್ ಮಾಡುವ ‘ಕಿಟ್’. ಹೊಸ ಬಣ್ಣದ ಡಬ್ಬಿ, ಮಡಚಿಯೇ ಕೊಟ್ಟ ಹಾಳೆಗಳು, ಅಂಟಿಸಲು ಸಿದ್ಧವಾದ ಹೂವು, ಚಿಟ್ಟೆ. ಮಗು ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತಿತ್ತು, ತಂದೆತಾಯಿಯರು ನೆಲದ ಮೇಲೆ ಕುಳಿತು ಅಂಟಿಸುತ್ತಿದ್ದರು. ಕಿಟ್ ಬಂದಿದ್ದ ಆ ಗಟ್ಟಿ ಪೆಟ್ಟಿಗೆಯನ್ನು ಚಪ್ಪಟೆ ಮಾಡಿ ಕಸದ ಗಾಡಿಗೆ ಹಾಕಲೆಂದು ಬಾಗಿಲಿನ ಹಿಂದೆ ಇಟ್ಟಿದ್ದರು.

ಕಸದಿಂದ ರಸ ಮಾಡಲು ರಸವನ್ನು ಕೊಂಡುತಂದು, ನಿಜವಾದ ಕಸವನ್ನು ಕಸಕ್ಕೇ ಕಳುಹಿಸುವ ಈ ವಿದ್ಯೆಗೆ ಏನೆಂದು ಹೆಸರಿಡಬೇಕೋ ತಿಳಿಯದು.

ನಾನು ಕೇಳಿದೆ. ಅಕ್ಕನ ಮಗಳು ನಗುತ್ತಲೇ ಹೇಳಿದಳು: “ಮಾವ, ಇದಕ್ಕೆಲ್ಲ ಯಾರಿಗಿದೆ ಪುರುಸೊತ್ತು? ಹೇಗೂ ಫೋಟೋ ಎಲ್ಲ ಫೋನಲ್ಲೇ ಇರತ್ತಲ್ಲ!” ಅಷ್ಟರಲ್ಲಿ ಹುಡುಗ ಬಂದು, “ಅಮ್ಮಾ, ಅಜ್ಜೀದು ಯಾವ ಫೋಟೋ ಹಾಕೋದು?” ಎಂದ. ಮನೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ.

ಕಾರಣವಿದೆ. ನನ್ನ ಅಕ್ಕ 2021ರಲ್ಲಿ ತೀರಿಕೊಂಡಳು. ಅವಳ ಕೊನೆಯ ಏಳೆಂಟು ವರ್ಷಗಳ ಚಿತ್ರಗಳೆಲ್ಲ ಅವಳ ಫೋನಿನಲ್ಲಿದ್ದವು. ಬೀಗದ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯೊಂದಕ್ಕೆ ಕೊಟ್ಟರು, ಅವರು ಬೀಗ ತೆಗೆದೇನೋ ಕೊಟ್ಟರು, ಅದರೊಂದಿಗೆ ಒಳಗಿದ್ದುದೆಲ್ಲವೂ ಅಳಿಸಿಹೋಗಿತ್ತು. ಇಂದು ಆ ಮನೆಯಲ್ಲಿ ಅಕ್ಕನದೆಂದು ಇರುವುದು ಗೋಡೆಯ ಮೇಲಿನ ಹಾರ ಹಾಕಿದ ಒಂದು ಚಿತ್ರ ಮತ್ತು ನನ್ನ ಬಳಿಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಉಳಿದಿರುವ ಹನ್ನೊಂದು ಕಪ್ಪು-ಬಿಳುಪು ಚಿತ್ರಗಳು. ಆ ಡಬ್ಬಿಗೆ ಬೀಗವೂ ಇಲ್ಲ, ಸಂಖ್ಯೆಯೂ ಇಲ್ಲ. (ಈ ವಿಷಯವನ್ನು ಅಕ್ಕನ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆದ್ದರಿಂದ ‘ಫೋನಲ್ಲೇ ಇರತ್ತಲ್ಲ’ ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ನಿಮ್ಮಲ್ಲಿ ಎಷ್ಟೋ ಮಂದಿ ಆರ್ಕುಟ್‌ನಲ್ಲಿ ಕಾಲೇಜಿನ ಚಿತ್ರಗಳನ್ನು ಹಾಕಿದ್ದಿರಿ. ಅದು 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದೆಂಬ ಸೌಲಭ್ಯ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಒಳಗಿರುವ ಚಿತ್ರಗಳ ಸಮೇತ ಅಳಿಸುವ ನಿಯಮವನ್ನು ಅದೇ ಸಂಸ್ಥೆ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಸತ್ತವರು ತಮ್ಮ ಖಾತೆಯನ್ನು ತೆರೆದು ನೋಡುವುದಿಲ್ಲವೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನಾನು ಯಂತ್ರದ ವೈರಿಯಲ್ಲ. ಈ ಬರಹವನ್ನೂ ಯಂತ್ರದಲ್ಲೇ ಬೆರಳಚ್ಚಿಸುತ್ತಿದ್ದೇನೆ. ಆದರೆ ಹತ್ತು ಸಾವಿರ ಚಿತ್ರಗಳನ್ನು ಒಂದೆಡೆ ಸುರಿದಿಡುವುದು ರಾಶಿ ಹಾಕಿದಂತೆ. ಅದರಿಂದ ಇಪ್ಪತ್ತನ್ನು ಆರಿಸಿ, ಹೆಸರು ಬರೆದು, ಮುಂದಿನವರ ಕೈಗೆ ಕೊಟ್ಟಾಗ ಮಾತ್ರ ಅದು ನೆನಪಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೊಬ್ಬ ಬಂಧುಗಳದು: “ಇದೆಲ್ಲ ಅಮೆರಿಕದವರ ಹುಚ್ಚು, ಹೆಂಗಸರು ಹೊತ್ತು ಕಳೆಯುವ ಕಸುಬು.” ಅಮೆರಿಕದವರಿಗೆ ಈ ಹುಚ್ಚು ಇದ್ದದ್ದು ನಿಜ. ಅವರ ದೊಡ್ಡ ಲೇಖಕ ಮಾರ್ಕ್ ಟ್ವೇನ್ ಅಂಟು ಮೊದಲೇ ಸವರಿದ ಹಾಳೆಗಳ ಸ್ಕ್ರ್ಯಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದಿದ್ದ. ಅವನು ಹೆಂಗಸೂ ಅಲ್ಲ, ಪುರುಸೊತ್ತಿನವನೂ ಅಲ್ಲ. ಆದರೆ ಪೆಟ್ಟಿಗೆಯೊಳಗೆ ಹಿಂದೆ ಮುಂದೆ ಮಡಚಿಟ್ಟ ಈ ಉದ್ದ ಹಾಳೆ ಇದೆಯಲ್ಲ, ಅದು ನಮಗೆ ಪರಕೀಯವೆನ್ನುವವರು ‘ಕಡತ’ ಎಂಬ ಪದದ ಮೂಲವನ್ನೊಮ್ಮೆ ನೋಡಬೇಕು. ಇಂದು ಸರಕಾರಿ ಕಚೇರಿಯ ಫೈಲಿಗೆ ನಾವು ಆ ಹೆಸರು ಹೇಳುತ್ತೇವೆ. ಹಿಂದೆ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಗಟ್ಟಿ ಮಾಡಿದ ಉದ್ದನೆಯ ಬಟ್ಟೆ. ಅದನ್ನು ಹಿಂದೆ ಮುಂದೆ ಮಡಚಿ ಪುಸ್ತಕದಂತೆ ಮಾಡಿ, ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಎಂದರೆ, ಆ ಹುಡುಗ ಸೋಪಿನ ಡಬ್ಬಿಯೊಳಗೆ ಹಾಳೆ ಮಡಚಿಟ್ಟರೆ ನಮ್ಮ ಶಾನುಭೋಗರ ವಿದ್ಯೆಯನ್ನೇ ಮುಂದುವರಿಸಿದಂತೆ.

ಮೂರನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ: ಹಳೆಯ ರಟ್ಟು ಚಿತ್ರಗಳನ್ನು ಹಾಳುಮಾಡುತ್ತದೆಂಬುದು. ಇದು ಸತ್ಯ. ಅಗ್ಗದ ರಟ್ಟಿನಲ್ಲಿ ಆಮ್ಲದ ಅಂಶವಿರುತ್ತದೆ. ಕಾಲಕ್ರಮದಲ್ಲಿ ತಾನೂ ಹಳದಿಯಾಗಿ, ತಾಗಿದ್ದನ್ನೂ ಹಳದಿ ಮಾಡುತ್ತದೆ. ಸಿಹಿತಿಂಡಿಯ ಡಬ್ಬಿಯ ಜಿಡ್ಡಿಗೆ ಜಿರಲೆ ಬರುತ್ತದೆ. ಅದಕ್ಕೇ ಒಳಗೆಲ್ಲ ಒಳ್ಳೆಯ ಬಿಳಿ ಹಾಳೆಯನ್ನು ಹಚ್ಚಬೇಕು, ಚಿತ್ರ ರಟ್ಟನ್ನು ಮುಟ್ಟಬಾರದು. ಆದರೆ ಕೊಂಡುತಂದದ್ದು ಇದಕ್ಕಿಂತ ಮೇಲೆಂದು ಭಾವಿಸಬೇಡಿರಿ. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಪರದೆ ಹೊದಿಸಿದ ಆಲ್ಬಮ್ಮುಗಳನ್ನು ಎಷ್ಟೋ ಮದುವೆಗಳಲ್ಲಿ ಹೆಮ್ಮೆಯಿಂದ ಕೊಂಡೆವು. ಇಂದು ಅವುಗಳಿಂದ ಚಿತ್ರ ಬಿಡಿಸಲು ಹೋದರೆ ವಧುವಿನ ಮುಖವೇ ಕಿತ್ತುಬರುತ್ತದೆ. ಅವಕ್ಕಿಂತ ಹಿಂದಿನ ಕಪ್ಪು ಹಾಳೆಯ ಆಲ್ಬಮ್ಮುಗಳು, ನಾಲ್ಕು ಮೂಲೆಗೆ ಕಾಗದದ ಹಿಡಿಕೆ ಸಿಕ್ಕಿಸಿ ನಡುವೆ ತೆಳುಕಾಗದ ಹಾಕಿದಂಥವು, ಈಗಲೂ ಚೆನ್ನಾಗಿವೆ.

ಹಾಗಾದರೆ ಮಾಡುವುದು ಹೇಗೆ? ಮೇಷ್ಟರು ಬೈದು ಸುಮ್ಮನಾಗಬಾರದಷ್ಟೇ, ಕಲಿಸಲೂಬೇಕು.

ಅತ್ಯುತ್ತಮ ಪೆಟ್ಟಿಗೆ ಯಾವುದು ಬಲ್ಲಿರಾ? ಮೊಬೈಲ್ ಫೋನಿನ ಪೆಟ್ಟಿಗೆ! ದಪ್ಪ ರಟ್ಟು, ಬಿಗಿಯಾದ ಮುಚ್ಚಳ, ಜಿಡ್ಡಿಲ್ಲ. ನಮ್ಮ ಚಿತ್ರಗಳನ್ನು ನುಂಗುವ ಯಂತ್ರವೇ ಅವುಗಳನ್ನು ಕಾಯುವ ಪೆಟ್ಟಿಗೆಯನ್ನೂ ತರುತ್ತದೆ. ನಾವು ಅದನ್ನು ಅಟ್ಟಕ್ಕೆಸೆಯುತ್ತೇವೆ. ಒಳಗಿನ ತಟ್ಟೆಯನ್ನು ತೆಗೆದು ಅಳತೆ ಹಿಡಿಯಿರಿ. ದಪ್ಪನೆಯ ಡ್ರಾಯಿಂಗ್ ಹಾಳೆಯಿಂದ, ಪೆಟ್ಟಿಗೆಯ ಒಳ ಅಳತೆಗಿಂತ ಮೂರು ಮಿಲಿಮೀಟರ್ ಕಡಮೆ ಇರುವಂತೆ ಪಟ್ಟಿ ಕತ್ತರಿಸಿರಿ. ಕತ್ತರಿಸುವ ಮೊದಲು ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿರಿ. ಸುಲಭವಾಗಿ ಬಾಗುವ ದಿಕ್ಕೇ ಅದರ ನಾರಿನ ದಿಕ್ಕು. ಮಡಿಕೆ ಆ ನಾರಿನ ಉದ್ದಕ್ಕೆ ಬರಬೇಕು. ಅಡ್ಡಕ್ಕೆ ಮಡಚಿದರೆ ಹಾಳೆ ಬಿರಿಯುತ್ತದೆ. ಪಟ್ಟಿಯನ್ನು ಸಮನಾಗಿ ಹಿಂದೆ ಮುಂದೆ ಮಡಚಿ, ಒಂದು ತುದಿಯನ್ನು ಮಾತ್ರ ಪೆಟ್ಟಿಗೆಯ ತಳಕ್ಕೆ ಅಂಟಿಸಿರಿ. ಚಿತ್ರಗಳು ಸೇರಿದ ಮೇಲೆ ಮಡಿಕೆಗಳು ಉಬ್ಬುತ್ತವೆ. ಆದ್ದರಿಂದ ಅಂಟಿಸುವ ಮುಂಚೆ ಎಲ್ಲವನ್ನೂ ಸಿಕ್ಕಿಸಿ, ಮುಚ್ಚಳ ಮುಚ್ಚುವುದೋ ಇಲ್ಲವೋ ಪರೀಕ್ಷಿಸಿಕೊಳ್ಳಿರಿ.

ಆರಿಂಚು-ನಾಲ್ಕಿಂಚಿನ ಒಂದೇ ಮುದ್ರಣದಲ್ಲಿ ಮೂರಿಂಚು-ಎರಡಿಂಚಿನ ನಾಲ್ಕು ಚಿತ್ರಗಳು ಹಿಡಿಸುತ್ತವೆ. ಐದು ಮುದ್ರಣಕ್ಕೆ ಇಪ್ಪತ್ತು ಚಿತ್ರ. ಈ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿರಿ. ಚಿತ್ರಗಳನ್ನು ಗೋಂದಿನಿಂದ ಅಂಟಿಸದೆ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿರಿ. ಪೆಟ್ಟಿಗೆಯ ಒಳಹಾಳೆಗೆ ಮೈದಾ ಅಂಟು ಸಾಕು. ಹಿಂದೆ ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವಲ್ಲಿ ಬೇಡ. ಅದರ ಬದಲು ಅಂಟು ಚೆನ್ನಾಗಿ ಒಣಗಿದ ಮೇಲೆಯೇ ಚಿತ್ರಗಳನ್ನು ಇಡಿರಿ. ಶೂ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣವೊಂದನ್ನು ಮಗುವಿನ ಕೈಗೆ ಕೊಡದೆ ನೀವೇ ಮೂಲೆಗೆ ಸೇರಿಸಿರಿ. ಮುಚ್ಚಿದ ಪೆಟ್ಟಿಗೆಯೊಳಗೆ ಬೆಳಕು ಬೀಳದ ಕಾರಣ ಬಣ್ಣವೂ ಬೇಗ ಮಾಸುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಪ್ರತಿ ಚಿತ್ರದ ಕೆಳಗೆ ಹಾಳೆಯ ಮೇಲೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ನನ್ನ ತಗಡಿನ ಡಬ್ಬಿಯ ಒಂದು ಚಿತ್ರದಲ್ಲಿ ಅಕ್ಕನ ಪಕ್ಕ ಒಬ್ಬಾಕೆ ನಿಂತಿದ್ದಾಳೆ. ಅಕ್ಕನ ಹೆಗಲ ಮೇಲೆ ಕೈ ಹಾಕಿದ್ದಾಳೆ, ಇಬ್ಬರೂ ನಗುತ್ತಿದ್ದಾರೆ. ಆಕೆ ಯಾರೆಂದು ಹೇಳಬಲ್ಲವರು ಈಗ ಒಬ್ಬರೂ ಉಳಿದಿಲ್ಲ.

ಇನ್ನು ಶಾಲೆಯ ಮಾತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸವನ್ನೇ ಶಿಕ್ಷಣದ ನಡುವಿಗೆ ತರಬೇಕೆಂದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದೇ ಆಶಯಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದು ಉದ್ದನೆಯ ಹೆಸರಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಅವಧಿ, ಬಡಗಿ, ಕುಂಬಾರರಂಥವರ ಬಳಿ ಕಲಿಕೆ ಎಂದಿತು. ಹೆಸರುಗಳು ಬದಲಾದವು. ತಂದೆತಾಯಿ ಮಾಡಿದ್ದಕ್ಕೆ ಮಗುವಿಗೆ ಅಂಕ ಕೊಡುವ ಪದ್ಧತಿ ಮಾತ್ರ ಬದಲಾಗಲಿಲ್ಲ. ಮಗು ಇದರಿಂದ ಕಲಿಯುವುದಾದರೂ ಏನು? ಮಾಡದೆಯೇ ‘ನಾನು ಮಾಡಿದೆ’ ಎನ್ನಬಹುದು, ಹಿರಿಯರೆಲ್ಲ ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನು. ಇದಕ್ಕಿಂತ ಕೆಟ್ಟ ಪಾಠ ನನಗೆ ತಿಳಿಯದು.

ಹೀಗೆ ಬೆರಳು ತೋರುವ ನಾನೇನು ಸಾಚಾ? ಇಲ್ಲ. 1987ರಲ್ಲಿ ನಮ್ಮ ಶಾಲೆಯಲ್ಲಿ ಇಂಥದೇ ಸ್ಪರ್ಧೆ ನಡೆಯಿತು. ತೀರ್ಪುಗಾರರಲ್ಲಿ ನಾನೂ ಒಬ್ಬ. ಎಂಟನೆಯ ತರಗತಿಯ ಹುಡುಗನೊಬ್ಬ ಬೆಂಕಿಪೊಟ್ಟಣವನ್ನು ತಂದಿದ್ದ. ಅದರ ಒಳಡಬ್ಬಿಯಲ್ಲಿ ನೋಟ್‌ಬುಕ್ಕಿನ ಹಾಳೆಯ ಮಡಿಕೆ. ಅವನ ಮನೆಯಲ್ಲಿ ಒಂದೂ ಛಾಯಾಚಿತ್ರವಿರಲಿಲ್ಲ. ಆದ್ದರಿಂದ ಒಂದು ಮಡಿಕೆಯಲ್ಲಿ ಹಸುವಿನ ಹೆಸರು, ಒಂದರಲ್ಲಿ ಬಸ್ಸಿನ ಟಿಕೆಟ್ಟು, ಒಂದರಲ್ಲಿ ತಾಯಿಯ ಸೀರೆಯ ಅಂಚಿನ ದಾರ, ಕೊನೆಯದರಲ್ಲಿ ಒಂದು ಅಂಚೆಕಾರ್ಡಿನ ಚೂರು. ಅದರ ಮೇಲೆ ಯಾರದೋ ಕೈಬರಹದ ಎರಡು ಪದಗಳು. ‘ಅಂದವಿಲ್ಲ, ಗೋಂದು ಮೆತ್ತಿದೆ’ ಎಂದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮೊದಲ ಬಹುಮಾನ ಜರಿ ಕಾಗದ ಹಚ್ಚಿದ ಆಲ್ಬಮ್ಮಿಗೆ ಹೋಯಿತು. ಅದನ್ನು ಮಾಡಿದವರು ಆ ಹುಡುಗಿಯ ಚಿಕ್ಕಪ್ಪನೆಂದು ನಮಗೆಲ್ಲ ಗೊತ್ತಿತ್ತು. ಆ ಅಂಚೆಕಾರ್ಡಿನ ಬರಹ ತೀರಿಹೋದ ತಂದೆಯದೆಂದು ಆ ವರ್ಷದ ಕೊನೆಯಲ್ಲಿ ತಿಳಿಯಿತು. ಹುಡುಗನಿಗೆ ನಾನು ಏನನ್ನೂ ಹೇಳಲಿಲ್ಲ. ಹೇಳಬೇಕಾಗಿತ್ತು. ಅವನು ಈಗ ಎಲ್ಲಿರುವನೋ ತಿಳಿಯದು. ಇದನ್ನು ಓದುತ್ತಿದ್ದರೆ, ಅಪ್ಪಾ, ತಪ್ಪಾಯಿತು. ನಿನ್ನ ಪೊಟ್ಟಣಕ್ಕೆ ಹತ್ತಕ್ಕೆ ಹತ್ತು.

ಅಧ್ಯಾಪಕ ವೃತ್ತಿಯಲ್ಲಿರುವ ನನ್ನ ಶಿಷ್ಯರಲ್ಲಿ ಒಂದೇ ಬೇಡಿಕೆ. ಈ ಕೆಲಸವನ್ನು ತರಗತಿಯಲ್ಲೇ ನಿಮ್ಮ ಕಣ್ಣೆದುರು ಮಾಡಿಸಿರಿ. ಮನೆಗೆ ಕೊಡುವುದಾದರೆ ಒಂದನ್ನೇ ಕೊಡಿರಿ: ಅಜ್ಜ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಂಡು ಬರುವುದು. ಅಂಕ ಅಂದಕ್ಕೆ ಬೇಡ, ಆ ಹೆಸರುಗಳಿಗಿರಲಿ.

ಅಂದು ರಾತ್ರಿ ಬಾಗಿಲ ಹಿಂದಿನ ಆ ಪೆಟ್ಟಿಗೆಯನ್ನು ನಾನೂ ಮೊಮ್ಮಗನೂ ಎತ್ತಿಕೊಂಡು ಬಂದೆವು. ಮರುವಾರ ನನ್ನ ತಗಡಿನ ಡಬ್ಬಿಯೊಂದಿಗೆ ಮತ್ತೆ ಹೋದೆ. ಎರಡು ಭಾನುವಾರ ಹಿಡಿಯಿತು. ಮಡಿಕೆ ಸೊಟ್ಟಗಿದೆ, ಗೋಂದು ಮೆತ್ತಿದೆ. ಸ್ಪರ್ಧೆಯ ದಿನ ಮುಗಿದಿತ್ತು, ಕಿಟ್ಟಿನ ಆಲ್ಬಮ್ಮಿಗೆ ಎರಡನೆಯ ಬಹುಮಾನವೂ ಬಂದಿತ್ತು. ಆದರೆ ಹನ್ನೊಂದು ಚಿತ್ರಗಳ ಕೆಳಗೂ ಈಗ ಅವನ ಅಕ್ಷರದಲ್ಲಿ ಹೆಸರುಗಳಿವೆ. ಹೆಸರು ತಿಳಿಯದ ಆ ಹೆಂಗಸಿನ ಕೆಳಗೆ ‘ಅಜ್ಜಿಯ ಗೆಳತಿ’ ಎಂದು ಬರೆದು, ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದಾನೆ. ಬಂಧುಗಳಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯಮಾಡಿ ತಿಳಿಸಿರಿ. 1974ರ ಸುಮಾರಿನ ಚಿತ್ರ. ಇಬ್ಬರೂ ಎರಡು ಜಡೆ ಹಾಕಿಕೊಂಡಿದ್ದಾರೆ.