ಒಲಿ ಮ್ಯಾಲಿನ ಗ್ಯಾಸು ಓಮ್ನಿ ಹೊಟ್ಟಿಗೆ ಯಾಕ?

ಅಕ್ಕಾರ, ವೈನ್ಯಾರ, ಚಿಗವ್ವಾರ, ಈ ಸಲ ರಂಜಕ ಮಾಡೂದು ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರಲಿ. ಇವತ್ತ ಸ್ವಲ್ಪ ಜಗಳಾಡೂದೈತಿ, ಅದೂ ಗಾಡಿಗೆ ಹಾಕೂ ಎಣ್ಣಿ ಬಗ್ಗೆ. ಗಾಡಿದು ನಿನಗೇನ್ ತಿಳೀತೈತಿ ಅಂತ ನಗಬ್ಯಾಡ್ರಿ. ಗಾಡಿ ಅವ್ರದ, ಖರೆ. ಆದ್ರ ಅದರ ಹೊಟ್ಟಿಗೆ ಹೋಗಾಕತ್ತಿದ್ದು ನಮ್ಮ ಒಲಿದು. ಅಡಗಿಮನಿ ಸಿಲಿಂಡರ್ ಕಾರಿಗೆ ಹಾಕೂದು ನಿಲ್ಲಬೇಕು, ಮತ್ತ ನಿಲ್ಲಸೂವ್ರು ನಾವ ಆಗಬೇಕು. ನನ್ನ ಮಾತು ಇಷ್ಟ. ಯಾಕ ಅಂತ ಹೇಳತೀನಿ.

ಮೊರಬದಾಗ, ಸುತ್ತಮುತ್ತಲ ಊರಾಗ ಹಳೇ ಓಮ್ನಿ ಎಷ್ಟದಾವ ಅಂತ ನಿಮಗ ಗೊತ್ತೈತಿ. ಮಾರುತಿಯವ್ರು 1984 ರಾಗ ಬಿಟ್ಟ ಗಾಡಿ ಅದು, 2019 ಕ್ಕ ಮಾಡೂದ ನಿಲ್ಲಿಸಿದ್ರು. ಆದ್ರ ಹಳ್ಳ್ಯಾಗ ಅದು ಸಾಯಂಗಿಲ್ಲ. ಸಂತಿಗೆ ಉಳ್ಳಾಗಡ್ಡಿ ಹೇರತಾರ, ಕನ್ಯಾ ನೋಡಾಕ ಹತ್ತು ಮಂದಿನ್ನ ತುರುಕತಾರ, ಸಾಲಿ ಹುಡುಗ್ರನ್ನ ಒಯ್ತಾರ, ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಹೊಂಟಬಿಡತಾರ. ಗಂಡಸ್ರಿಗೆ ಅದರ ಮ್ಯಾಲ ಅಕ್ಕರತೀನೂ ಭಾಳ. ಹೊಸಾ ಸೀಟ್ ಕವರ್, ದೊಡ್ಡ ಹಾರ್ನ್, ಕಾಚಿನ ಮ್ಯಾಲ ದೇವರ ಹೆಸರು. ಅದಕ್ಕ ನನ್ನ ತಕರಾರಿಲ್ಲ. ನಾವು ಸೀರಿ ಸೆರಗಿಗೆ ಗೊಂಡೆ ಕಟ್ಟಸ್ತೀವಿ, ಅವ್ರು ಗಾಡಿಗೆ ಕಟ್ಟಸ್ತಾರ, ಕಟ್ಟಸ್ಲಿ. ಆದ್ರ ಸಂಜಿಕ ಕಟ್ಟಿ ಮ್ಯಾಲ ಕುಂತ್ರ ಮಾತೆಲ್ಲ ಎವರೇಜಿಂದ. ನಿಂದೆಷ್ಟ ಕೊಡತೈತಿ, ನಂದೆಷ್ಟ ಕೊಡತೈತಿ. ಅದರಾಗ ಒಬ್ಬಾಂವ ಹೇಳತಾನ, ‘ನಂದು ಗ್ಯಾಸ್ ಮ್ಯಾಲ ಐತಲೇ, ನನಗೇನ್ ಚಿಂತಿ?’ ಅಂತ. ಅಲ್ಲಿಗೆ ಎಲ್ಲಾರ ಕಣ್ಣು ಅಡಗಿಮನಿ ಕಡೆ ತಿರಗತಾವ.

ಪೆಟ್ರೋಲ್ ತುಟ್ಟಿ ಅನ್ನೂದು ಸುಳ್ಳಲ್ಲ. 2024 ರ ಜೂನ್‌ದಾಗ ನಮ್ಮ ರಾಜ್ಯ ಸರಕಾರ ಪೆಟ್ರೋಲ್ ಮ್ಯಾಲಿನ ಮಾರಾಟ ತೆರಿಗಿ ನೂರಕ್ಕ 25.92 ಇದ್ದದ್ದು 29.84 ಕ್ಕ ಏರಿಸಿತು, ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆತು. ನೂರರ ಮ್ಯಾಲ ಹೋದದ್ದು ಕೆಳಗ ಇಳಿದಿಲ್ಲ. ಇನ್ನೊಂದು ತಕರಾರು ಎಥೆನಾಲಿಂದು. 2023 ರ ಫೆಬ್ರವರಿಯೊಳಗ ಬೆಂಗಳೂರಾಗ ಪ್ರಧಾನಿಗೋಳು ಇ-20 ಪೆಟ್ರೋಲ್ ಬಿಡುಗಡೆ ಮಾಡಿದ್ರು. ಅಂದ್ರ ನೂರು ಲೀಟರಿನ್ಯಾಗ ಇಪ್ಪತ್ತು ಲೀಟರ್ ಎಥೆನಾಲ್. ಕಬ್ಬಿಂದು, ಮುರುಕಲ ಅಕ್ಕಿದು, ನಮ್ಮ ಗ್ವಾಂಜಾಳದ್ದು. 2030 ಕ್ಕ ಅಂತ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲ ಮುಟ್ಟಿದ್ರು. ಎಥೆನಾಲ್‌ಗೆ ಪೆಟ್ರೋಲಿಗಿಂತ ಕಾವು ಮೂರನೇ ಒಂದು ಪಾಲು ಕಡಿಮಿ, ಅದಕ್ಕ ಎವರೇಜ್ ಬೀಳೂದು ಸಹಜ. ನೀತಿ ಆಯೋಗದ 2021 ರ ವರದಿಯೊಳಗನ ಹಳೇ ನಮೂನಿ ಕಾರಿಗೆ ನೂರಕ್ಕ ಆರೇಳು ಪಾಲು ಕಡಿಮಿ ಆಗಬಹುದು ಅಂತ ಬರದಾರ. ಹದಿನಾಲ್ಕು ಕೊಡೂ ಓಮ್ನಿ ಹದಿಮೂರು ಕೊಡತೈತಿ. ಅಷ್ಟಕ್ಕ ಊರೆಲ್ಲ ಗದ್ದಲ!

ಗ್ವಾಂಜಾಳದ ಸಂಕಟ ಬ್ಯಾರೆನ ಐತಿ, ಅದನ್ನೂ ಹೇಳಿ ಮುಂದ ಹೋಗತೀನಿ. ಪೆಟ್ರೋಲಿನ್ಯಾಗ ನಮ್ಮ ಬೆಳಿ ಕೂಡಸ್ತಾರ ಅಂದ್ರ ನಮಗ ರೇಟ್ ಬರಬೇಕಾಗಿತ್ತಲ್ರಿ? ಸರಕಾರ ಹೇಳಿದ ಬೆಂಬಲ ಬೆಲಿ ಕ್ವಿಂಟಲ್‌ಗೆ 2,400. ಪ್ಯಾಟಿಯೊಳಗ ಎರಡು ಸಾವಿರನೂ ಸಿಗಲಿಲ್ಲ. 2025 ರ ನವೆಂಬರ್‌ದಾಗ ಲಕ್ಷ್ಮೇಶ್ವರದಾಗ ರೈತರು ಖರೀದಿ ಕೇಂದ್ರ ತಗೀರಿ ಅಂತ ಧರಣಿ ಕುಂತರು, ನಮ್ಮ ಕಡೆನೂ ಅದ ಕೂಗು. ಸಿಟ್ಟು ಬರಬೇಕಾದ್ದು ಅಲ್ಲಿ. ಗಂಡಸ್ರು ಸಿಟ್ಟು ಅಲ್ಲಿ ತೋರಸ್ಲಿ, ನಾವೂ ಜೋಡಿ ಬರತೀವಿ. ಆ ಸಿಟ್ಟು ತಂದು ನಮ್ಮ ಸಿಲಿಂಡರ್ ಮ್ಯಾಲ ಹಾಕೂದು ಯಾವ ನ್ಯಾಯ?

ಈಗ ಅವ್ರ ಲೆಕ್ಕ ನೋಡೂಣು. ನಾವು ತಕ್ಕಡಿ ಮಂದಿ, ತೂಕದ ಮ್ಯಾಲ ಹಾಕಿದ್ರ ಲಗೂನ ತಿಳೀತೈತಿ. 2025 ರ ಏಪ್ರಿಲ್‌ದಾಗ 50 ರೂಪಾಯಿ ಏರಿಸಿದ ಮ್ಯಾಲ ದಿಲ್ಲಿಯೊಳಗ ಮನಿ ಸಿಲಿಂಡರ್ 853 ರೂಪಾಯಿ ಆತು, ನಮ್ಮ ಕಡೆ ಸ್ವಲ್ಪ ಹೆಚ್ಚು. ಅದರಾಗ 14.2 ಕಿಲೋ ಗ್ಯಾಸ್. ಅಂದ್ರ ಕಿಲೋಕ್ಕ 60 ರೂಪಾಯಿ. ಒಂದು ಲೀಟರ್ ಪೆಟ್ರೋಲ್ ತೂಕ ಹಾಕಿದ್ರ ಮುಕ್ಕಾಲು ಕಿಲೋನೂ ಆಗಂಗಿಲ್ಲ, ಅಂದ್ರ ಪೆಟ್ರೋಲ್ ಕಿಲೋಕ್ಕ ಸುಮಾರು 140. ಕಿಲೋಕ್ಕ ಕಿಲೋ ಎರಡರ ಕಾವೂ ಹೆಚ್ಚುಕಡಿಮಿ ಒಂದ. ಹಂಗಾಗಿ ಗ್ಯಾಸಿನ ಮ್ಯಾಲ ಓಡಿಸಿದ್ರ ಅರ್ಧಕ್ಕಿಂತ ಜಾಸ್ತಿ ಉಳಿತಾಯ. ಉಜ್ವಲಾದ ಸಿಲಿಂಡರ್ ಆದ್ರ 300 ರೂಪಾಯಿ ಸಬ್ಸಿಡಿ ಬ್ಯಾರೆ. ಉಳಿತೈತಿ ಅನ್ನೂದನ್ನ ನಾ ಒಪ್ಪತೀನಿ. ಆದ್ರ ಯಾಕ ಉಳಿತೈತಿ? ಅಡಗಿ ಮಾಡವ್ರಿಗೆ ಹಗುರ ಆಗಲಿ ಅಂತ ಆ ರೇಟ್ ಇಟ್ಟಾರ. ಹೊಟೇಲಿನವ್ರು 19 ಕಿಲೋ ಸಿಲಿಂಡರ್‌ಗೆ ಎಷ್ಟ ಕೊಡತಾರ ಕೇಳಿ ನೋಡ್ರಿ.

ಆ ಒಂದು ಸಿಲಿಂಡರ್ ಓಮ್ನಿಯೊಳಗ ಎಷ್ಟ ದೂರ ಹೋಗತೈತಿ ಅಂದ್ರ 250, ಹೆಚ್ಚಂದ್ರ 270 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡಕ್ಕ ನಾಕು ಸಲ ಅಡ್ಡಾಡಿದ್ರ ಮುಗೀತು. ಐದಾರು ಮಂದಿ ಮನ್ಯಾಗ ಅದ ಸಿಲಿಂಡರ್ ತಿಂಗಳಾ ಒಪ್ಪತ್ತು ಬರತೈತಿ. ಅವ್ರು ನಾಕು ಸಲ ಅಡ್ಡಾಡಿ ಬಂದ ಮ್ಯಾಲ ನಾವೇನ್ ಮಾಡತೀವಿ? ಹಿತ್ತಲದಾಗ ಒಟ್ಟಿದ ಹತ್ತಿಕಟಗಿ, ಕುಳ್ಳು, ಊದಗೊಳವಿ. ಹತ್ತಿಕಟಗಿ ಬೆಂಕಿ ಭರ್ ಅಂತ ಎದ್ದು ಭರ್ ಅಂತ ಆರತೈತಿ, ರೊಟ್ಟಿ ಬಡಿಯೂದು ಬಿಟ್ಟು ಒಲಿ ಮುಂದ ಕುಂತು ಹಾಕ್ತಾನ ಇರಬೇಕು. ಕಣ್ಣು ಉರಿ, ಕೆಮ್ಮು. ‘ಹೊಲದಾಗಿನ ಕಟಗಿ ಪುಕ್ಕಟ ಐತಲ್ಲ’ ಅಂತಾರ. ಆ ಕಟಗಿ ಕಿತ್ತವ್ರ್ಯಾರು, ಹೊತ್ತು ತಂದವ್ರ್ಯಾರು, ಅದರ ಪಗಾರ ಎವರೇಜಿನ ಲೆಕ್ಕದಾಗ ಎಲ್ಲಿ ಐತಿ?

ರೊಕ್ಕದ ಮಾತು ಅಲ್ಲಿಗೆ ಬಿಡ್ರಿ. ನನಗ ನಿದ್ದಿ ಕೆಡಸಿದ್ದು ಬ್ಯಾರೆ. ಈ ಗ್ಯಾಸ್ ಗಾಳಿಗಿಂತ ಒಂದೂವರಿಯಿಂದ ಎರಡು ಪಟ್ಟು ಭಾರ. ಸೋರಿದ್ರ ಹೊಗಿ ಹಂಗ ಮ್ಯಾಲ ಹೋಗಂಗಿಲ್ಲ, ನೀರಿನಂಗ ಕೆಳಗ ಕುಂಡರತೈತಿ. ಸಿಲಿಂಡರಿನ್ಯಾಗ ನೀರಾಗಿರೂ ಗ್ಯಾಸ್ ಒಂದು ತಂಬಗಿ ಹೊರಗ ಬಂದ್ರ ಸುಮಾರು ಎರಡನೂರಾ ಐವತ್ತು ತಂಬಗಿ ಆಗತೈತಿ. ನೂರು ಪಾಲು ಗಾಳಿಯೊಳಗ ಎರಡು ಪಾಲು ಕೂಡಿದ್ರ ಸಾಕು, ಒಂದು ಕಿಡಿಗೆ ಹತ್ತತೈತಿ. ಈಗ ಓಮ್ನಿ ಹೆಂಗ ಐತಿ ನೆನಸ್ಕೋರಿ. ಇಂಜಿನ್ ಮುಂದಿನ ಸೀಟಿನ ಬುಡಕ. ಹಿಂದ ಸಿಲಿಂಡರ್. ನಡಬರಕ ಕೂಸುಗೋಳನ್ನ ತೊಡಿ ಮ್ಯಾಲ ಇಟಗೊಂಡು ನಾವು. ಸೆಕಿ ಅಂತ ಒಮ್ಮೊಮ್ಮೆ ಕಾಚು ಇಳಿಸಿರತೀವಿ, ಧೂಳಿ ಅಂತ ಒಮ್ಮೊಮ್ಮೆ ಎಲ್ಲಾ ಏರಿಸಿರತೀವಿ. ಏರಿಸಿದಾಗ ಸೋರಿದ್ರ ಅದು ಹೋಗೂದೆಲ್ಲಿಗೆ?

2024 ರ ಡಿಸೆಂಬರ್‌ದಾಗ ಹುಬ್ಬಳ್ಳಿ ಉಣಕಲ್‌ದ ಅಚ್ಚವ್ವನ ಕಾಲನಿಯೊಳಗ ಆದದ್ದು ಮರತಿಲ್ಲಲ್ಲ? ಅಯ್ಯಪ್ಪನ ಮಾಲಿ ಹಾಕ್ಕೊಂಡವ್ರು ಮಲಗಿದ್ದ ಜಾಗಾದಾಗ ರಾತ್ರಿ ಸಿಲಿಂಡರ್ ಸೋರಿ ಬೆಂಕಿ ಹತ್ತಿತು. ಒಂಬತ್ತು ಮಂದಿ ಸುಟ್ಟುಗೊಂಡ್ರು. ಕಿಮ್ಸ್‌ನ್ಯಾಗ ಒಬ್ಬೊಬ್ಬರ ಹೋಗಿ ಎಂಟು ಮಂದಿ ಉಳೀಲಿಲ್ಲ. ಅದು ಕಾರಲ್ಲ, ನಿಂತ ಸಿಲಿಂಡರ್, ಪೂಜಾ ಮಾಡೂ ಜಾಗಾ. ತೆಗ್ಗುದಿನ್ನಿ ರಸ್ತಾದಾಗ ಕುಣೀತಾ ಹೋಗೂ ಸಿಲಿಂಡರ್ ಗತಿ ಏನು ಅಂತ ನೀವ ಹೇಳ್ರಿ.

ಇದಕ್ಕ ಅವ್ರ ಹತ್ತರ ಒಂದ ಉತ್ತರ. ‘ಇಷ್ಟ ವರ್ಷ ಓಡಿಸೀನಿ, ಏನಾಗೈತಿ?’ ನಮ್ಮ ಮೈದುನನೂ ಇದನ್ನ ಹೇಳಿದ. ಆಗಲಿಲ್ಲ ಅಂದ್ರ ಆಗಂಗಿಲ್ಲ ಅಂತ ಅರ್ಥ ಅಲ್ಲ. ಕಾರಿಗೆ ಅಂತ ಮಾಡಿದ ಗ್ಯಾಸ್ ಟಾಕಿನ ಬ್ಯಾರೆ. ಅದು ನೂರಕ್ಕ ಎಂಬತ್ತು ಪಾಲು ತುಂಬಿದ ಕೂಡಲೆ ತಾನ ಬಂದ್ ಆಗತೈತಿ, ಬ್ಯಾಸಗಿ ಬಿಸಲಿಗೆ ಒಳಗಿನ ಗ್ಯಾಸ್ ಉಬ್ಬಾಕ ಜಾಗಾ ಇರಲಿ ಅಂತ. ಪೈಪ್ ಹರದ್ರ ಹರಿಯೂದು ತಡಿಯಾಕ ವಾಲ್ವ್ ಐತಿ, ಸೋರಿದ್ದು ಗಾಡಿ ಒಳಗ ಬರದ ಹೊರಗ ಹೋಗಾಕ ದಾರಿ ಐತಿ. ಮನಿ ಸಿಲಿಂಡರ್ ಒಂದ ಕಡೆ ನೆಟ್ಟಗ ನಿಂತು ಬರೇ ಆವಿ ಕೊಡಾಕ ಮಾಡಿದ್ದು. ಇನ್ನ ಕದ್ದು ಟಾಕಿ ತುಂಬಸ್ಕೊಂಡು ಬರೂವ್ರು ಅದಾರಲ್ಲ, ಸಂದಿಯೊಳಗ, ಬಾಗಲಾ ಮುಚ್ಚಿ, ಮೋಟಾರ್ ಹಚ್ಚಿ ಗ್ಯಾಸ್ ಎಳಿಯೂ ಜಾಗಾದಾಗ, ಅಲ್ಲಿ ಆಜೂಬಾಜೂ ಮನ್ಯಾಗಿನವ್ರ ಜೀವಾನೂ ಅವ್ರ ಕೈಯಾಗ.

ಕಾಯದೆನೂ ಸುಮ್ಮನಿಲ್ಲ. ಮನಿ ಗ್ಯಾಸ್ ಗಾಡಿಗೆ ಹಾಕಬಾರದು ಅಂತ 2000 ನೇ ಇಸ್ವಿಯೊಳಗನ ಕೇಂದ್ರ ಸರಕಾರದ ಆದೇಶ ಐತಿ. ಅಗತ್ಯ ವಸ್ತುಗಳ ಕಾಯದೆ ಕೆಳಗ ಏಳು ವರ್ಷದ ತನಕ ಜೇಲು. ಆರ್‌ಸಿ ಬುಕ್ಕಿನ್ಯಾಗ, ಇನ್ಸೂರನ್ಸ್ ಕಾಗದದಾಗ ಗ್ಯಾಸ್ ಕಿಟ್ ಬರಸದಿದ್ರ ಕಂಪನಿಯವ್ರಿಗೆ ರೊಕ್ಕಾ ಕೊಡದ ಕೈ ತೊಳಕೊಳ್ಳಾಕ ದಾರಿ ಸಿಕ್ಕಂಗ. ಮತ್ತೊಂದು ಮಾತು, ಗ್ಯಾಸ್ ಬುಕ್ಕು ಯಾರ ಹೆಸರಿನ್ಯಾಗ ಐತಿ? 2016 ರ ಮೇ ಒಂದಕ್ಕ ಶುರುವಾದ ಉಜ್ವಲಾದಾಗ ಕನೆಕ್ಷನ್ ಕೊಡೂದ ಹೆಂಗಸ್ರ ಹೆಸರಿಗೆ. ಗಾಡಿ ಓಡಸೂದು ಅವ್ರು, ಪೊಲೀಸ್ರು ಸಿಲಿಂಡರ್ ನಂಬರ್ ಹಿಡಕೊಂಡು ಹುಡುಕ್ಕೊಂಡು ಬಂದ್ರ ಬಾಗಲಾ ತಗಿಯೂವ್ರು ನಾವು.

‘ನಮ್ಮನ್ಯಾಗ ಕಾರ ಇಲ್ಲವ್ವ, ನಮಗ್ಯಾಕ’ ಅಂತ ಸುಮ್ಮನಾಗಬ್ಯಾಡ್ರಿ. ಕದ್ದು ತುಂಬೂ ಗ್ಯಾಸ್ ಎಲ್ಲಿಂದ ಬರತೈತಿ? ಅವ್ರಿವ್ರ ಸಿಲಿಂಡರಿನ್ಯಾಗಿಂದ ಕಿಲೋ ಅರ್ಧಾ ಕಿಲೋ ತಗದದ್ದು. ಈ ತಿಂಗಳ ಯಾಕೋ ಲಗೂನ ತೀರಿತು ಅಂತ ಅಂದುಕೊಂಡಿರತೀವಲ್ಲ, ಕಾರಣ ಇದೂ ಇರಬಹುದು. ಖಾಲಿ ಸಿಲಿಂಡರ್ ತೂಕ ಅದರ ಮ್ಯಾಲನ ಬರದಿರತೈತಿ, ಅದಕ್ಕ 14.2 ಕೂಡಸ್ರಿ. ಅಷ್ಟ ಬರಬೇಕು. ತರೂ ಹುಡುಗನ್ನ ತೂಕ ಮಾಡಪಾ ಅನ್ರಿ, ಕೇಳೂದು ನಮ್ಮ ಹಕ್ಕ. ಕೊರಳಿನ ಪಟ್ಟಿ ಮ್ಯಾಲ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಮುಂದ ಇಸ್ವಿ ಇರತೈತಿ. ಎ ಅಂದ್ರ ಮಾರ್ಚ್ ತನಕ, ಬಿ ಜೂನ್, ಸಿ ಸಪ್ಟೆಂಬರ್, ಡಿ ಡಿಸೆಂಬರ್. ಅದು ಮತ್ತ ಪರೀಕ್ಷೆಗೆ ಹೋಗಬೇಕಾದ ತಾರೀಖು. ದಾಟಿದ್ದು ಇದ್ರ ಒಳಗ ಇಳಿಸಕೋಬ್ಯಾಡ್ರಿ. ವಾಸನಿ ಬಂದ್ರ 1906 ಕ್ಕ ಫೋನ್ ಹಚ್ಚರಿ.

ಹಂಗಾರ ಗಂಡಸ್ರು ಏನ್ ಮಾಡಬೇಕು? ಕಡಿಮಿ ಖರ್ಚಿನ ದಾರಿ ಇಲ್ಲ ಅಂತಿಲ್ಲ. ಹುಬ್ಬಳ್ಳಿ-ಧಾರವಾಡದಾಗ ಸಿಎನ್‌ಜಿ ಬಂಕ್ ಅದಾವ. ಓಮ್ನಿ ಬದಲಿಗೆ ಬಂದ ಈಕೋ ಕಂಪನಿಯಿಂದನ ಸಿಎನ್‌ಜಿ ಹಾಕಿಸಿ ಬರತೈತಿ. ಆ ಗ್ಯಾಸ್ ಗಾಳಿಗಿಂತ ಹಗುರ, ಸೋರಿದ್ರ ಮ್ಯಾಲ ಹೋಗತೈತಿ. ಅದರ ಸಿಲಿಂಡರ್ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಸಬೇಕು, ಹಿಂದ ಸಾಮಾನ ಇಡೂ ಜಾಗಾ ಹೋಗತೈತಿ, ಬಂಕಿನ್ಯಾಗ ಪಾಳಿ ಹಚ್ಚಬೇಕಾಗತೈತಿ, ಮೊರಬದವ್ರಿಗೆ ಅದು ದೂರನ. ಎಲ್ಪಿಜಿನ ಬೇಕಂದ್ರ ಆರ್‌ಟಿಒ ಒಪ್ಪಿದ ಕಿಟ್ ಹಾಕಿಸಿ, ಬುಕ್ಕಿನ್ಯಾಗ ಬರಸಿ, ಗಾಡಿ ಗ್ಯಾಸಿನ ಬಂಕಿನ್ಯಾಗ ತುಂಬಸ್ಲಿ. ತುಟ್ಟಿ ಆಗತೈತಿ ಅಂತಾರ. ಆಗಲಿ! ಶೋಕಿಗೆ ಅದರದ ಬೆಲಿ ಇರತೈತಿ. ಇಲ್ಲಾ, ದಿನಾ ಕಟ್ಟಿಯಿಂದ ಬಸ್ ಸ್ಟ್ಯಾಂಡಿಗೆ ಗಾಡಿ ಒಯ್ಯೂದು ಬಿಡ್ಲಿ, ಅದರಾಗ ಉಳಿಯೂದು ಎಥೆನಾಲ್ ತಿಂದದ್ದಕ್ಕಿಂತ ಜಾಸ್ತಿ.

ನಾವು ಮಾಡೂದು ಒಂದ ಐತಿ, ಅದಕ್ಕ ಜಗಳನೂ ಬೇಕಾಗಿಲ್ಲ. ಸಿಲಿಂಡರ್ ಬುಕ್ ಮಾಡಿದ್ರ ಫೋನಿಗೆ ಒಂದು ನಂಬರ್ ಬರತೈತಿ, ಅದನ್ನ ಹೇಳಿದ್ರ ಸಿಲಿಂಡರ್ ಕೊಡತಾರ. ಭಾಳ ಮನ್ಯಾಗ ಆ ನಂಬರ್ ಬರೂದು ಗಂಡನ ಫೋನಿಗೆ, ಇಲ್ಲ ಮಗನ ಫೋನಿಗೆ. ಏಜೆನ್ಸಿಗೆ ಬುಕ್ಕು, ಆಧಾರ್ ಒಯ್ದು ನಿಮ್ಮ ಫೋನ್ ನಂಬರ್ ಹಾಕಸ್ಕೋರಿ. ಎಷ್ಟ ಸಿಲಿಂಡರ್ ಬಂದ್ವು, ಎಷ್ಟ ದಿನಾ ಉರದ್ವು, ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಬರೀರಿ.

ಭಾರತ ಹುಣ್ಣಿವಿಗೆ ಸವದತ್ತಿಗೆ ಹೋಗೂ ಮಾತು ನಡದೈತಿ. ಯಾರದರ ಓಮ್ನಿ ಹತ್ತೂ ಮೊದಲ ಹಿಂದಿನ ಬಾಗಲಾ ತಗಸಿ ನೋಡ್ರಿ, ಕೆಂಪು ಸಿಲಿಂಡರ್ ಕಂಡ್ರ ಕೂಸನ್ನ ಎತಗೊಂಡು ಇಳೀರಿ, ಅಣ್ಣನ ಗಾಡಿ ಇರಲಿ, ಅಳಿಯನ ಗಾಡಿ ಇರಲಿ. 2023 ರ ಜೂನ್ ಹನ್ನೊಂದರಿಂದ ನಮಗ ಸರಕಾರಿ ಬಸ್ಸಿನ್ಯಾಗ ಟಿಕೀಟ್ ರೊಕ್ಕಾ ಇಲ್ಲ. ಅಷ್ಟ ಸೋವಿ ಎಣ್ಣಿ ಯಾವ ಗಂಡಸ್ಮಗನ ಗಾಡಿಗೂ ಸಿಕ್ಕಿಲ್ಲ. ನಮ್ಮ ಓಣಿಯಿಂದ ಏಳು ಮಂದಿ ಆಗೇವಿ. ಬರೂವ್ರು ಆಧಾರ್ ಕಾರ್ಡ್ ಇಟಗೋರಿ, ಬುತ್ತಿ ರೊಟ್ಟಿ ನಾ ತರತೀನಿ, ಶೇಂಗಾ ಚಟ್ನಿ ಯಾರರ ತರ್ರಿ.