ಮೇಲಿನಿಂದ ಕಂಡದ್ದು ಕೆಳಗಿನ ಊರಿಗೆ ತಲುಪಬೇಕು

ಹಿಮನದಿ ಎಂದೊಡನೆ ಕರಗುತ್ತ ಹಿಂದೆ ಸರಿಯುವ ಮಂಜುಗಡ್ಡೆಯ ಚಿತ್ರವೇ ಇಂದು ನಮ್ಮ ಮನಸ್ಸಿಗೆ ಬರುತ್ತದೆ. ಬಹುಪಾಲು ಹಿಮನದಿಗಳ ಮಟ್ಟಿಗೆ ಅದು ನಿಜ. ಆದರೆ ದಶಕಗಟ್ಟಲೆ ಮಲಗಿದಂತಿದ್ದು ಒಮ್ಮೆಲೇ ಮುನ್ನುಗ್ಗುವ ಹಿಮನದಿಗಳೂ ಇವೆ. ಕಾರಕೋರಂ ಪರ್ವತಶ್ರೇಣಿಯೊಂದರಲ್ಲೇ ಇಂಥವು ಇನ್ನೂರಕ್ಕೂ ಹೆಚ್ಚು. ಮೇಲ್ಭಾಗದಲ್ಲಿ ಹಿಮ ರಾಶಿಗೊಳ್ಳುತ್ತ ಹೋಗುತ್ತದೆ. ತಳದಲ್ಲಿ ಸಿಕ್ಕಿಕೊಂಡ ನೀರಿನ ಒತ್ತಡ ಏರಿದಾಗ ನೆಲದ ಹಿಡಿತ ಸಡಿಲಗೊಂಡು ರಾಶಿ ಜಾರತೊಡಗುತ್ತದೆ. ಆಗ ಅದರ ವೇಗ ವಾಡಿಕೆಯ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು. (ಗುಡ್ಡ ಜಾರುವಲ್ಲಿ ಒಳಗಿನ ನೀರಿನ ಪಾತ್ರವೇನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.) ಎಲ್ಲವನ್ನೂ ಭೂಮಿಯ ಬಿಸಿಯೇರಿಕೆಗೆ ಕಟ್ಟುವ ಅಭ್ಯಾಸ ನಮ್ಮಂಥ ಚಳವಳಿಗಾರರಿಗೆ ಇದೆ; ಈ ನುಗ್ಗಾಟಕ್ಕೆ ಅದೊಂದೇ ಕಾರಣವೆನ್ನಲು ಬರುವುದಿಲ್ಲ.

ಪಾಕಿಸ್ತಾನದ ಆಡಳಿತದಲ್ಲಿರುವ ಹುಂಜಾ ಕಣಿವೆಯ ಹಸನಾಬಾದ್ ಊರಿನ ನೆತ್ತಿಯ ಮೇಲೆ ಶಿಸ್ಪರ್ ಹಿಮನದಿಯಿದೆ. 2018ರಲ್ಲಿ ಅದು ಮುನ್ನುಗ್ಗಿ, ಪಕ್ಕದ ಹಿಮನದಿಯಿಂದ ಇಳಿಯುವ ತೊರೆಗೆ ಅಡ್ಡಗಟ್ಟೆಯಾಗಿ ನಿಂತಿತು. ಹಿಂದೆ ಸರೋವರ ತುಂಬಿಕೊಂಡಿತು. 2019ರ ಜೂನ್‌ನಲ್ಲಿ ಅದು ಮಂಜಿನಡಿಯಿಂದ ದಾರಿ ಮಾಡಿಕೊಂಡು ಬರಿದಾಯಿತು. ಮತ್ತೆ ತುಂಬಿ, 2020ರ ಮೇ ತಿಂಗಳಲ್ಲಿ ಮತ್ತೆ ಬರಿದಾಯಿತು. 2022ರ ವಸಂತದ ಅಸಾಮಾನ್ಯ ಬಿಸಿಲಿನ ನಂತರ, ಮೇ 7ರಂದು ಬಂದ ಪ್ರವಾಹ ಕಾರಕೋರಂ ಹೆದ್ದಾರಿಯ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ಇದಾವುದೂ ಕಾಣದಂತೆ ನಡೆದುದಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಆ ಭಂಡಾರ ಯಾರಿಗಾದರೂ ಉಚಿತ. ಬೇರೆಬೇರೆ ದಿನಗಳ ಎರಡು ಚಿತ್ರಗಳನ್ನಿಟ್ಟು, ಮಂಜಿನ ಮೇಲಿನ ಅದೇ ಬಿರುಕು, ಅದೇ ಕಲ್ಲುರಾಶಿ ಎಷ್ಟು ದೂರ ಸರಿಯಿತೆಂದು ಗಣಕಯಂತ್ರ ಅಳೆಯುತ್ತದೆ. ಅದೇ ಹಿಮನದಿಯ ವೇಗ. ಮೋಡ ಕವಿದಾಗ ಈ ಚಿತ್ರಗಳು ಕುರುಡು. ಅಲ್ಲಿ 2014ರಿಂದ ಯುರೋಪಿನ ಸೆಂಟಿನೆಲ್ ರಾಡಾರ್ ನೆರವಿಗೆ ಬಂದಿದೆ. ರಾಡಾರಿಗೆ ಇರುಳೂ ಒಂದೇ, ಮೋಡವೂ ಒಂದೇ. ಶಿಸ್ಪರ್ ಎಷ್ಟು ನುಗ್ಗಿತು, ಸರೋವರ ಎಷ್ಟು ಹಿಗ್ಗಿತು ಎಂಬುದನ್ನು ವಿಜ್ಞಾನಿಗಳು ಹೀಗೆಯೇ ಅಳೆದರು.

ಮುನ್ಸೂಚನೆಯಿಂದ ಜನ ತೆರವಾಗಿ ಜೀವ ಉಳಿಯಿತು. ಆದರೆ ಮನೆಗಳು, ಹೊಲಗಳು, ವಿದ್ಯುದಾಗಾರಗಳು ಹಾಳಾದವು, ನೀರುಗಾಲುವೆಗಳು ಒಡೆದವು. ಮಳೆ ಕಡಿಮೆಯಿರುವ ಆ ಕಣಿವೆಯಲ್ಲಿ ಹಿಮದ ನೀರಿನ ಕಾಲುವೆ ಹೋಯಿತೆಂದರೆ ಬೆಳೆಯೂ ಹೋದಂತೆ. ಕೃಷಿಯನ್ನು ಬಲ್ಲವರಿಗೆ ಈ ನಷ್ಟ ಸೇತುವೆಯ ನಷ್ಟಕ್ಕಿಂತ ಸಣ್ಣದಾಗಿ ಕಾಣದು. ಸೇತುವೆಯನ್ನು ಸರ್ಕಾರ ಕಟ್ಟಿಸುತ್ತದೆ. ಕೊಚ್ಚಿಹೋದ ಮೇಲ್ಮಣ್ಣನ್ನು ಯಾರು ತಂದುಕೊಡುತ್ತಾರೆ?

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ಇಸ್ರೋ ರೂಪಿಸಿದ ರಾಡಾರ್ ಇದೆ. ಹಿಮದ ಚಲನೆಯನ್ನೂ ಜಾರುವ ಗುಡ್ಡದ ಚಲನೆಯನ್ನೂ ಅಳೆಯುವುದು ಅದರ ಗುರಿಗಳಲ್ಲಿ ಸೇರಿದೆ. ಆ ಅಂಕಿಗಳು ಪ್ರಬಂಧಗಳಲ್ಲಿ ಅಚ್ಚಾಗುವ ಮೊದಲೇ ಗುಡ್ಡದ ಬುಡದಲ್ಲಿರುವ ಪಂಚಾಯಿತಿಗೆ, ಅಲ್ಲಿಯ ಜನರ ಭಾಷೆಯಲ್ಲಿ ತಲುಪಬೇಕೆಂಬುದು ನಮ್ಮ ಒತ್ತಾಯ. ಹುಂಜಾಕ್ಕೂ ಅದೇ ಅನ್ವಯಿಸುತ್ತದೆ, ನಮ್ಮ ಘಟ್ಟಕ್ಕೂ. ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತಮ್ಮ ಊರಿನ ಗುಡ್ಡದ ಹಳೆಯ ಚಿತ್ರಗಳನ್ನು ಈ ರಜೆಯಲ್ಲೇ ತೆರೆದು ನೋಡಬಹುದು.