ಹಬ್ಬದ ಮನೆಯಲ್ಲಿ ಬೆಂಕಿಯ ಜವಾಬ್ದಾರಿ ಯಾರದು?

ಕ್ರಿಸ್ಮಸ್ ರಜೆಯು ಸಮೀಪಿಸುತ್ತಲೇ ನಮ್ಮ ಮನೆಗಳಲ್ಲಿ ನಡೆಯುವ ಸಿದ್ಧತೆಗಳನ್ನು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾದದ್ದಿಲ್ಲ. ಒಂದು ಕಡೆ ಕುಸ್ವಾರಿನ ಬಾಣಲೆ ಒಲೆಯ ಮೇಲೇರುತ್ತದೆ. ಮತ್ತೊಂದು ಕಡೆ ಒಣಹುಲ್ಲಿನ ಗೋದಲಿಯೂ ಕಾಗದದ ನಕ್ಷತ್ರವೂ ಗಾಳಿಮರದ ಕೊಂಬೆಯೂ ಅಲಂಕೃತವಾಗುತ್ತವೆ. ಬೆಂಕಿಗೆ ಬೇಕಾದ ಸಾಮಗ್ರಿಯೆಲ್ಲವೂ ವರ್ಷದ ಇನ್ನಾವ ವಾರದಲ್ಲಿಯೂ ಒಂದೇ ಮಾಡಿನ ಕೆಳಗೆ ಹೀಗೆ ಕೂಡುವುದಿಲ್ಲ. ಆದುದರಿಂದ ಹಬ್ಬದ ಶುಭಾಶಯದೊಂದಿಗೆ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನೂ ಪೋಷಕರ ಮುಂದಿಡುವುದು ಉಚಿತವೆಂದು ತೋರಿತು.

ಬೆಂಕಿಯ ವಿಷಯದಲ್ಲಿ ಜಾಗ್ರತೆಯೆಂಬದನ್ನು ನಮ್ಮ ಸಮಾಜವು ಹೆಣ್ಣುಮಕ್ಕಳಿಗೆ ಮಾತ್ರ ಸೇರಿದ ಗುಣವೆಂದು ಎಣಿಸಿದೆ. "ಸೆರಗು ಜೋಪಾನ" ಎಂಬ ಮಾತನ್ನು ಕೇಳದೆ ಬೆಳೆದ ಹುಡುಗಿಯಿಲ್ಲ. ಅವಘಡವಾದರೆ ಅದು ಅವಳ ಅಜಾಗ್ರತೆಯ ಫಲವೆಂದೇ ನೆರೆಹೊರೆಯವರು ತೀರ್ಮಾನಿಸುತ್ತಾರೆ. ಆದರೆ ಒಂದೇ ಪ್ಲಗ್ಗಿಗೆ ಮೂರು ದೀಪದ ಸರಗಳನ್ನು ಜೋಡಿಸಿದವರು ಯಾರು? ಬಿರುಕು ಬಿಟ್ಟ ಗ್ಯಾಸಿನ ಕೊಳವೆಯನ್ನು ಬದಲಾಯಿಸುವ ಖರ್ಚನ್ನು ಮುಂದಿನ ತಿಂಗಳಿಗೆ ತಳ್ಳಿದವರು ಯಾರು? ನಾವು ಹುಡುಗಿಯರಿಗೆ ಭಯವನ್ನು ಬೇಕಾದಷ್ಟು ಕಲಿಸಿದ್ದೇವೆ. ತಿಳುವಳಿಕೆಯನ್ನೂ ಅಧಿಕಾರವನ್ನೂ ಕೊಟ್ಟಿಲ್ಲ.

ಇದು ಅಲ್ಪ ವಿಷಯವಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು 2009ರಲ್ಲಿ ಪ್ರಕಟಿಸಿದ ಅಧ್ಯಯನವು, 2001ನೆಯ ಇಸವಿಯೊಂದರಲ್ಲೇ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಮಂದಿಯೆಂದೂ ಅವರಲ್ಲಿ ಸುಮಾರು 1,06,000 ಮಂದಿ ಸ್ತ್ರೀಯರೆಂದೂ ಅಂದಾಜು ಮಾಡಿತು. ಇವೆಲ್ಲವೂ ಆಕಸ್ಮಿಕಗಳಲ್ಲವೆಂಬ ದುಃಖದ ಸಂಗತಿಯನ್ನು ಬಲ್ಲೆವು. ಆಕಸ್ಮಿಕವಾದವುಗಳನ್ನಾದರೂ ತಡೆಯುವುದು ನಮ್ಮ ಕೈಯಲ್ಲಿದೆ.

ಮೊದಲು ಅಡಿಗೆಮನೆ. ಕಾದ ಎಣ್ಣೆಗೆ ಬೆಂಕಿ ಹತ್ತಿದಾಗ ಕೈಗೆ ಮೊದಲು ಸಿಗುವುದು ನೀರಿನ ತಂಬಿಗೆ, ಅದೇ ಅಪಾಯ. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿದು, ಕ್ಷಣಮಾತ್ರದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ಒಲೆಯನ್ನು ಆರಿಸಿ, ಬಾಣಲೆಯನ್ನು ಕದಲಿಸದೆ, ಲೋಹದ ಮುಚ್ಚಳವನ್ನು ಪೂರ್ತಿಯಾಗಿ ಮುಚ್ಚತಕ್ಕದ್ದು. ಗಾಳಿ ತಪ್ಪಿದರೆ ಬೆಂಕಿಯು ತಾನಾಗಿ ನಂದುವುದು. ಕರಿಯಲು ತೊಡಗುವ ಮುಂಚೆಯೇ ಆ ಮುಚ್ಚಳವು ಪಕ್ಕದಲ್ಲಿರಲಿ. ಅಡಿಗೆಯ ಗ್ಯಾಸಾದರೋ ಗಾಳಿಗಿಂತ ಭಾರವಾದುದು; ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದಾಗ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ರಸಾಯನಶಾಸ್ತ್ರದಲ್ಲಿ ಉತ್ತಮ ಅಂಕ ಗಳಿಸಿದ ಹುಡುಗಿಗೆ ತನ್ನ ಮನೆಯ ರೆಗ್ಯುಲೇಟರನ್ನು ಮುಚ್ಚಲು ಬಾರದಿದ್ದರೆ ಆ ಪಾಠದ ಪ್ರಯೋಜನವೇನು?

ಇನ್ನು ಅಲಂಕಾರ. ಹಿಂದೆ ಯೂರೋಪಿನ ಮನೆಗಳಲ್ಲಿ ಕ್ರಿಸ್ಮಸ್ ಮರಕ್ಕೆ ಉರಿಯುವ ಮೇಣದ ಬತ್ತಿಗಳನ್ನೇ ಸಿಕ್ಕಿಸುತ್ತಿದ್ದರು. ಬಳಿಯಲ್ಲಿ ನೀರಿನ ಬಕೆಟನ್ನು ಇಡುವ ರೂಢಿಯೂ ಇತ್ತು. 1882ರಲ್ಲಿ ಎಡಿಸನ್ನರ ಸಹೋದ್ಯೋಗಿಯಾದ ಎಡ್ವರ್ಡ್ ಜಾನ್ಸನ್ ಎಂಬವರು ನ್ಯೂಯಾರ್ಕಿನ ತಮ್ಮ ಮನೆಯ ಮರಕ್ಕೆ ವಿದ್ಯುದ್ದೀಪಗಳನ್ನು ಅಳವಡಿಸಿದರು. ಕಾಲಕ್ರಮದಲ್ಲಿ ಬತ್ತಿ ಹೋಯಿತು. ಅದರೊಂದಿಗೆ ಬಕೆಟೂ ಎಚ್ಚರವೂ ಹೋದವು. ಆದರೆ ಸಿಪ್ಪೆ ಸುಲಿದ ತಂತಿಯ ಒಂದು ಕಿಡಿ ಗೋದಲಿಯ ಹುಲ್ಲಿಗೆ ಸಾಕು. ದೀಪ ಕಟ್ಟುವ ಕೆಲಸ ಸಾಮಾನ್ಯವಾಗಿ ಮನೆಯ ಗಂಡುಮಕ್ಕಳದು. ತಂತಿಯನ್ನು ಪರೀಕ್ಷಿಸುವುದು, ಹುಲ್ಲಿನಿಂದ ದೂರವಿಡುವುದು, ಮಲಗುವ ಮುನ್ನ ಎಲ್ಲ ಅಲಂಕಾರದ ದೀಪಗಳನ್ನು ಆರಿಸುವುದು ಅವರದೇ ಕರ್ತವ್ಯವೆಂದು ತಂದೆಯಂದಿರು ಗೊತ್ತುಮಾಡಲಿ.

ಉಡುಪಿನ ವಿಷಯದಲ್ಲಿ ಒಂದು ಮಾತು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಒಲೆಯ ಮುಂದೆ ಮೈಗೊಪ್ಪುವ ಹತ್ತಿಯ ಉಡುಪೇ ಲೇಸು. ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲದ ಮೇಲೆ ಉರುಳಬೇಕು. ಸುಟ್ಟ ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರನ್ನು ಬಿಡಬೇಕು. ಶಾಯಿ, ಹಲ್ಲುಪುಡಿ, ಬೆಣ್ಣೆ ಮೊದಲಾದವುಗಳನ್ನು ಹಚ್ಚಲೇಬಾರದು.

ಪೋಷಕರೇ, ಹಬ್ಬಕ್ಕೆ ಮುಂಚಿನ ಒಂದು ಸಾಯಂಕಾಲ ನಿಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಕರೆದು, ಮನೆಯ ಮೇನ್ ಸ್ವಿಚ್ಚನ್ನೂ ರೆಗ್ಯುಲೇಟರನ್ನೂ ತೋರಿಸಿ, ಅವರ ಕೈಯಿಂದಲೇ ಮುಚ್ಚಿಸಿರಿ. 112 ಎಂಬ ಸಂಖ್ಯೆಯನ್ನು ಕಿರಿಯ ಮಗುವಿಗೂ ಬಾಯಿಪಾಠ ಮಾಡಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಸೋರುವ ಕೊಳವೆಯನ್ನು ಕಂಡರೆ "ಇದನ್ನು ಬದಲಾಯಿಸದೆ ಒಲೆ ಹಚ್ಚುವುದಿಲ್ಲ" ಎಂದು ಹೇಳಲು ಸಂಕೋಚಪಡಬೇಡಿರಿ. ಅದು ಹಟವಲ್ಲ, ಮನೆಯವರೆಲ್ಲರ ಪ್ರಾಣವನ್ನು ಕಾಯುವ ವಿವೇಕ.